ಎಂಟೋ ಹತ್ತೋ

ಚಿಕ್ಕಮಗಳೂರು ಮಾರ್ಕೆಟ್ ರಸ್ತೆಯ ಕನ್ನಡಕದಂಗಡಿ.
ಜಬೀಉಲ್ಲಾ ಸಾಹೇಬರು ಹಳದಿ ಬಟ್ಟೆ ಹಾಸಿ
ಎರಡು ದುರ್ಬೀನು ಇಟ್ಟರು, ಅವಳಿ ಕರುಗಳ ಹಾಗೆ.
ಒಂದರ ಕುತ್ತಿಗೆಯಲ್ಲಿ ಎಂಟು, ನಲವತ್ತೆರಡು.
ಇನ್ನೊಂದರದ್ದು ಹತ್ತು, ನಲವತ್ತೆರಡು.
ಬೆಲೆ ಒಂದೇ. "ಯಾವುದು ಕೊಡಲಿ, ಓಬಳಣ್ಣ?"

ಕೇಳುವ ಮಾತೇ ಇದು?
ಒಂದೇ ದುಡ್ಡಿಗೆ ಹತ್ತು ತೆಂಗಿನಕಾಯಿ ಬಿಟ್ಟು
ಎಂಟು ಹೊತ್ತು ಬರುವ ಪೆದ್ದ
ನಮ್ಮ ಬಾಸೂರಲ್ಲಿ ಇನ್ನೂ ಹುಟ್ಟಿಲ್ಲ.

ಹತ್ತನ್ನೇ ಎತ್ತಿಕೊಂಡು ಹೊಸಿಲಿಗೆ ಬಂದೆ.
ಎದುರು ಕಂಬದ ಮೇಲೊಂದು ಕಾಗೆ.
ಕೊಕ್ಕಿನ ಬುಡದ ಮೀಸೆಗೂದಲೂ ಕಂಡಿತು,
ಆದರೆ ನಿಲ್ಲವಲ್ಲದು.
ಕಂಬ ನಡುಗಿತು, ತಂತಿ ನಡುಗಿತು,
ಕಾಗೆಗೆ ಚಳಿಜ್ವರ ಬಂದ ಹಾಗೆ.

"ಕಾಗೆಯಲ್ಲ, ನೀವು" ಅಂದರು ಸಾಹೇಬರು.
"ಕಾಗೆಯನ್ನು ಹತ್ತು ಪಟ್ಟು ಮಾಡುವ ಗಾಜು
ಕೈ ನಡುಕವನ್ನು ಬಿಟ್ಟೀತೇ?"

ಒಂದು ಕಾಲಕ್ಕೆ ಈ ಕೈ ನಡುಗುತ್ತಿರಲಿಲ್ಲ.
ಅಪ್ಪನ ಕೇಪಿನ ಕೋವಿಗೆ ನಾನೇ ಕಣ್ಣು.
ಹತ್ತು ವರ್ಷದ ಹುಡುಗ, ಚಡ್ಡಿಯ ತುಂಬ ಉತ್ರಾಣಿ ಮುಳ್ಳು,
ಕರಡದ ಹುಲ್ಲಲ್ಲಿ ಬೋರಲು ಬಿದ್ದು
"ಅಲ್ಲಿ" ಎಂದರೆ ಅಲ್ಲಿ ಇರುತ್ತಿತ್ತು ಚಿಗರೆ.
ಆಮೇಲೆ ಇರುತ್ತಿರಲಿಲ್ಲ.
ಕೋವಿ ಠಾಣೆ ಸೇರಿತು. ಅಪ್ಪ ಮಣ್ಣು ಸೇರಿದ.
ನಾನು ಅದೇ ಕಾವಲಿಗೆ ವಾಚರ್ ಆಗಿ ಸೇರಿದೆ,
ಖಾಕಿ ಅಂಗಿ, ಒಂದು ಸೀಟಿ,
ಈಗ ದುರ್ಬೀನಿಗೆಂದು ಮಂಜೂರಾದ ನಾಲ್ಕು ಸಾವಿರ.

"ಎಷ್ಟು ಹೊತ್ತಿಗೆ ನಿಮ್ಮ ಕೆಲಸ?"
"ದನ ಕೊಟ್ಟಿಗೆ ಸೇರುವ ಹೊತ್ತಿಗೆ ಶುರು."
ಸಾಹೇಬರು ಬಿಲ್ಲಿನ ಬೆನ್ನ ಮೇಲೆ
ಎರಡು ಸೊನ್ನೆ ಬರೆದರು, ಒಂದು ದೊಡ್ಡದು, ಒಂದು ಕಿರಿದು.
"ನಲವತ್ತೆರಡನ್ನು ಎಂಟರಿಂದ ಭಾಗಿಸಿ: ಐದು ಚಿಲ್ಲರೆ.
ಹತ್ತರಿಂದ ಭಾಗಿಸಿ: ನಾಲ್ಕು ಚಿಲ್ಲರೆ.
ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆ ಅಷ್ಟಗಲ.
ಸಂಜೆಗತ್ತಲಲ್ಲಿ ಆ ಒಂದೇ ಒಂದು ಮಿಲಿಮೀಟರು
ಸಾಲ ಕೊಡುವವರು ಯಾರೂ ಇಲ್ಲ."

ಎಂಟನ್ನು ಹಿಡಿದೆ.
ಕಾಗೆ ಚೂರು ಚಿಕ್ಕದಾಯಿತು, ಕೂತಲ್ಲೇ ಕೂತಿತು.
ಅದರ ಪಕ್ಕ ಇನ್ನೊಂದು ಕಾಗೆ!
ಎಲ್ಲಿತ್ತು ಇದು ಇಷ್ಟು ಹೊತ್ತು?
ಮೇಲಿನ ಮಹಡಿಯಲ್ಲಿ ಯಾರೋ ಹೆಂಗಸು
ಹಪ್ಪಳ ಒಣಗಿಸುತ್ತ ಎರಡನ್ನೂ ಬೈಯುತ್ತಿದ್ದಾಳೆ,
ಬಾಯಿ ಕಾಣುತ್ತದೆ, ಬೈಗುಳ ಕೇಳುವುದಿಲ್ಲ.

ಅಪ್ಪ ಹೇಳುತ್ತಿದ್ದ: ನೋಡಿದ ಪ್ರಾಣಿಯಿಂದ ಯಾರೂ ಕೆಡಲಿಲ್ಲ,
ಪಕ್ಕದಲ್ಲಿದ್ದದ್ದನ್ನು ನೋಡದೆ ಕೆಟ್ಟರು.

ಬೆಲೆಯ ಚೀಟಿಯನ್ನು ಮಾತ್ರ
ದುರ್ಬೀನು ತಿರುಗಿಸಿ, ದೊಡ್ಡ ಗಾಜಿನ ಕಡೆಯಿಂದ ನೋಡಿದೆ.
ನಾಲ್ಕು ಸಾವಿರದ ಮುನ್ನೂರು
ಮುಳ್ಳಯ್ಯನಗಿರಿಯಾಚೆ ಎಲ್ಲೋ ಇತ್ತು.
ಸಾಹೇಬರು ನಕ್ಕು ಮುನ್ನೂರು ಬಿಟ್ಟರು,
ಚರ್ಮದ ಪಟ್ಟಿ ಬಿಚ್ಚಿಟ್ಟುಕೊಂಡು.
ಈಗ ನನ್ನ ಕೊರಳಲ್ಲಿ ಹಸುವಿನ ಹಳೇ ಕಣ್ಣಿ.

ಮೊನ್ನೆ ಸಂಜೆ, ಜಾಲಿಮರದ ಬುಡ.
ದುಂಡನೆಯ ಬೆಳಕಿನೊಳಗೆ ಗಂಡು ಚಿಗರೆ,
ಕೊಂಬಿನ ತಿರುಪು ಎಣಿಸುತ್ತಿದ್ದೆ, ಒಂದು, ಎರಡು...
ಅಂಚಿನಲ್ಲಿ, ಎಂಟರ ಅಂಚಿನಲ್ಲಿ,
ಹುಲ್ಲು ಗಾಳಿಗೆ ಎದುರಾಗಿ ಅಲುಗಿತು.
ಮೊಲದ ದಾರಿಗೆ ತಂತಿಯ ಉರುಳು ಕಟ್ಟುತ್ತಿದ್ದ
ಹತ್ತು ವರ್ಷದ ಹುಡುಗ, ಬೋರಲು ಬಿದ್ದು.

ಚಡ್ಡಿಯ ಮುಳ್ಳು ಕಾಣುವಷ್ಟು ದೊಡ್ಡದಾಗಿ ಕಾಣಲಿಲ್ಲ.
ಕಾಣಬೇಕಾಗಿಯೂ ಇರಲಿಲ್ಲ.

ಸೀಟಿ ಊದಿದೆ. ಚಿಗರೆ ನೆಗೆಯಿತು.
ಹುಡುಗ ಓಡಲಿಲ್ಲ, ಕಾಲು ಬಂದಿರಲಿಕ್ಕಿಲ್ಲ.
ತಂತಿ ಕಸಿದು ಜೇಬಿಗೆ ಹಾಕಿಕೊಂಡೆ,
ಬೈಗುಳ ನಾಲಿಗೆಯ ತನಕ ಬಂತು.
ಅವನ ಕಣ್ಣು ನನ್ನ ಕೊರಳ ಕಣ್ಣಿಯ ಮೇಲೆ.
ಕೊಟ್ಟೆ. ಬಹಳ ಹೊತ್ತು ನೋಡಿದ,
ಕೈ ಒಂಚೂರೂ ನಡುಗಲಿಲ್ಲ ಬಡ್ಡೀಮಗನದು.

"ಎಷ್ಟು ಪಟ್ಟು ಇದು?"
"ಎಂಟು."
ತುಟಿ ಸೊಟ್ಟ ಮಾಡಿದ.
"ಹತ್ತಿಂದು ಇರಲಿಲ್ವಾ?"